ಮಟ್ಟಿಗೆ ಇಳಿಯುವ ಮುನ್ನ

ಜಯನಗರದ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣದಲ್ಲಿಯೂ ಲಾಲ್‌ಬಾಗಿನ ಬಂಡೆಯ ಸುತ್ತಲೂ ಮುಂಜಾನೆ ಜನ ನೆರೆಯುವುದನ್ನು ಬೆಂಗಳೂರಿನ ವಾಚಕರು ಬಲ್ಲರು. ಮಾಗಿಯ ಚಳಿಗೂ ಈ ಉತ್ಸಾಹ ಕುಗ್ಗುವುದಿಲ್ಲ, ಸಂತೋಷದ ಸಂಗತಿಯೇ. ಆದರೆ ಅನೇಕರು ಹಾಸಿಗೆಯಿಂದೆದ್ದು ಬಂದು, ಸ್ಕೂಟರು ನಿಲ್ಲಿಸಿದ ಮರುಕ್ಷಣವೇ ಓಡತೊಡಗುತ್ತಾರೆ.

ನಾನೂ ಅಂಥವರಲ್ಲೊಬ್ಬನಾಗಿದ್ದೆ. ಒಂದು ದಿನ ಉದ್ಯಾನದಲ್ಲಿ ಮೊಮ್ಮಗನೊಡನೆ ಪಂದ್ಯ ಕಟ್ಟಿ ಓಡಿದೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ ಯಾರೋ ಕಾಲಿಗೆ ಕಲ್ಲು ಹೊಡೆದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಮೀನಖಂಡದ ಎಳೆಗಳು ಹರಿದಿದ್ದವು. ಆರು ವಾರ ಕೋಲೇ ಗತಿಯಾಯಿತು. ಬಂಧುಗಳ ಮನೆಯ ಮದುವೆಯಲ್ಲಿ ಪಂಕ್ತಿಗೆ ನೆಲದ ಮೇಲೆ ಕೂರಲಾರದೆ, ಒಬ್ಬನೇ ಕುರ್ಚಿಯಲ್ಲಿ ಕುಳಿತು ಉಂಡ ಸಂಕೋಚ ಇನ್ನೂ ಮರೆತಿಲ್ಲ.

ಮಠದ ವಿದ್ಯಾರ್ಥಿಯಾಗಿದ್ದಾಗ ನಾವು ಕೆಲವರು ಊರಿನ ಗರಡಿಗೆ ಹೋಗುತ್ತಿದ್ದೆವು. ಉಸ್ತಾದರು ಬಂದೊಡನೆ ಕುಸ್ತಿಗೆ ಬಿಡುತ್ತಿರಲಿಲ್ಲ. ಮೊದಲು ಸಲಿಕೆ ಕೊಟ್ಟು ಮಟ್ಟಿಯ ಕೆಮ್ಮಣ್ಣನ್ನು ಅಗೆಸುವರು. ಬಳಿಕ ಬಸ್ಕಿ, ಅನಂತರ ದಂಡೆ. ಬೆವರು ಒಡೆದ ಮೇಲೆಯೇ ಜೋಡಿ. ಇದೆಲ್ಲ ಬಿಟ್ಟಿ ಚಾಕರಿಯೆಂದು ನಮಗೆ ಒಳಗೊಳಗೇ ಸಿಟ್ಟು. ಮಣ್ಣು ಸಡಿಲವಾಗುವ ಹೊತ್ತಿಗೆ ಮೈಯೂ ಸಡಿಲವಾಗುತ್ತಿತ್ತೆಂಬುದು ಕೋಲು ಹಿಡಿದ ಆ ವಾರಗಳಲ್ಲಿ ಹೊಳೆಯಿತು.

ವಿಶ್ರಾಂತಿಯಲ್ಲಿರುವಾಗ ಹೃದಯ ದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಸ್ನಾಯುಗಳಿಗೆ ಸಲ್ಲುತ್ತದೆ. ಹತ್ತು ನಿಮಿಷ ನಡೆದು, ಕೈಕಾಲು ಬೀಸಿ, ಮೆಲ್ಲಗೆ ವೇಗ ಹೆಚ್ಚಿಸಿದರೆ ಈ ಹಂಚಿಕೆ ಬದಲಾಗುತ್ತದೆ. ಸ್ನಾಯು ಬಿಸಿಯಾದಂತೆ ರಕ್ತವು ತನ್ನಲ್ಲಿರುವ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ನರಗಳ ಸಂದೇಶ ಶೀಘ್ರವಾಗುತ್ತದೆ. ಅದೇ ಕಾಲು ಅದೇ ಓಟವನ್ನು ಹೆಚ್ಚು ಚುರುಕಾಗಿ ಓಡುತ್ತದೆ.

ಉದ್ಯಾನದ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ನಿಮಿಷಗಟ್ಟಲೆ ಜಗ್ಗಿ ಹಿಡಿಯುವುದನ್ನೇ ಕೆಲವರು ಸಿದ್ಧತೆಯೆಂದು ತಿಳಿದಿದ್ದಾರೆ. ಹಾಗೆ ದೀರ್ಘವಾಗಿ ಎಳೆದ ಸ್ನಾಯುವಿನ ಬಲ ಒಡನೆಯೇ ಕೊಂಚ ತಗ್ಗುತ್ತದೆ. ಅದು ಓಟ ಮುಗಿದ ಮೇಲಿನ ಕೆಲಸ.

ಬರಿಯ ಬಿಸಿಯಿಂದಲೇ ಗಾಯ ತಪ್ಪೀತೆಂದು ನಾನು ಹೇಳಲಾರೆ. 2008ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನ ಇಲ್ಲಿ ಗಮನಾರ್ಹ. 13ರಿಂದ 17 ವಯಸ್ಸಿನ ಫುಟ್‌ಬಾಲ್ ಆಡುವ ಬಾಲಕಿಯರಿಗೆ ಆಟದ ಮೊದಲು ಸುಮಾರು 20 ನಿಮಿಷ ನಿಧಾನದ ಓಟ, ಒಂಟಿ ಕಾಲಿನ ನಿಲುವು, ಬಸ್ಕಿಯಂಥ ವ್ಯಾಯಾಮ, ಜಿಗಿದು ಮಂಡಿ ಒಳಕ್ಕೆ ಬಾಗದಂತೆ ಇಳಿಯುವ ಅಭ್ಯಾಸ ಮಾಡಿಸಿದರು. ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದವು. ಬಿಸಿಯೊಡನೆ ಬಲ, ಸಮತೋಲಗಳೂ ಸೇರಿದ್ದರ ಫಲವಿದು. ನಮ್ಮ ಉಸ್ತಾದರು ಇದನ್ನು ಕೇಳಿದ್ದರೆ ಮೀಸೆಯಡಿಯಲ್ಲೇ ನಗುತ್ತಿದ್ದರೇನೋ! ಮಕ್ಕಳನ್ನು ಶಟಲ್ ಆಟಕ್ಕೋ ಕ್ರಿಕೆಟ್ ಶಿಬಿರಕ್ಕೋ ಕಳುಹಿಸುವ ತಾಯಿತಂದೆಗಳು ಶುಲ್ಕ ವಿಚಾರಿಸುವಾಗಲೇ, ಮೊದಲ ಇಪ್ಪತ್ತು ನಿಮಿಷ ಏನು ಮಾಡಿಸುವಿರೆಂದೂ ಕೇಳಬೇಕು.

ಈಗ ನಾನು ಸ್ಕೂಟರನ್ನು ಮನೆಯಲ್ಲೇ ಬಿಟ್ಟು ಉದ್ಯಾನಕ್ಕೆ ನಡೆದೇ ಹೋಗುತ್ತೇನೆ. ಬೇಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಮಂಡಿ ಒಪ್ಪಿದಷ್ಟು ಬಸ್ಕಿ ಹೊಡೆಯುತ್ತೇನೆ. ಮೊಮ್ಮಗನು ಇಂದಿಗೂ ಪಂದ್ಯಕ್ಕೆ ಕರೆಯುತ್ತಾನೆ. ಅಜ್ಜನ ಬಸ್ಕಿ ಮುಗಿಯುವವರೆಗೆ ಅವನು ಕಾಯಬೇಕು.