ಬಿಜಾಗರಿ ಸವೆದರೆ ಕಿಟಕಿಯನ್ನೇ ಕೀಳಬೇಕೆ?



ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡವನ ಗಾದೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ನೀವು ನಗುತ್ತಿದ್ದಿರಿ. ಆ ಗಾದೆಯ ಪುರುಷರು ಈಗ ನಮ್ಮ ಊರಿನಲ್ಲಿಯೇ ಬೀದಿಗೊಬ್ಬರಂತೆ ಕಾಣಸಿಗುತ್ತಾರೆ. ಧಾರವಾಡದ ಮಾಳಮಡ್ಡಿ, ಸಪ್ತಾಪುರಗಳಲ್ಲಾಗಲಿ ಹುಬ್ಬಳ್ಳಿಯ ದೇಶಪಾಂಡೆ ನಗರ, ವಿದ್ಯಾನಗರಗಳಲ್ಲಾಗಲಿ ಸಂಜೆಯ ವಾಯುವಿಹಾರಕ್ಕೆ ಹೊರಟರೆ, ಯಾವುದಾದರೊಂದು ಮನೆಯ ಮುಂದೆ ಸಾಗವಾನಿಯ ಕಿಟಕಿ ಕದಗಳನ್ನು ಗೋಡೆಗೆ ಒರಗಿಸಿಟ್ಟಿರುವುದು ಕಣ್ಣಿಗೆ ಬೀಳುತ್ತದೆ. ಗುಜರಿಯವನ ಗಾಡಿ ಬರುವವರೆಗೆ ಅವು ಮಳೆಯಲ್ಲಿ ನೆನೆಯುತ್ತ ನಿಂತಿರುತ್ತವೆ. ಒಳಗಡೆ ಅಲ್ಯೂಮಿನಿಯಮ್ಮಿನ ಇಲ್ಲವೆ ಯುಪಿವಿಸಿಯ ಸರಿಯುವ ಕಿಟಕಿಗಳನ್ನು ಕೂರಿಸುವ ಕೆಲಸ ನಡೆದಿರುತ್ತದೆ. ಇದಕ್ಕೆ ಸುಧಾರಣೆ ಎಂದು ಹೆಸರು. ಇದು ಸುಧಾರಣೆಯಲ್ಲ, ಸೋಮಾರಿತನಕ್ಕೆ ತೆರುವ ದಂಡ ಎಂದು ನಾನು ವಾದಿಸುತ್ತೇನೆ.

ಹೀಗೆ ಕಿಟಕಿ ಕಿತ್ತಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಾರಣ ಕೇಳಿದೆ. "ಕದಾ ಹತ್ತಂಗಿಲ್ರಿ ಸರ, ಚಿಲಕಾನೂ ಬೀಳಂಗಿಲ್ಲ. ಇನ್ನ ಇದನ್ನ ರಿಪೇರಿ ಮಾಡೋರು ಯಾರ ಅದಾರ್ರಿ ಈಗ?" ಎಂದ. ಎರಡು ಅಂತಸ್ತಿನ ಮನೆಯ ಕಿಟಕಿಗಳಿಗೆಲ್ಲ ಅವನು ಒಪ್ಪಿಕೊಂಡಿದ್ದ ಮೊತ್ತದಲ್ಲಿ ಒಂದು ಹೊಸ ಮೋಟಾರ್ ಸೈಕಲ್ ಬರುತ್ತಿತ್ತು. ನಾನು ಕದಗಳ ಬಳಿ ಕುಳಿತು ನೋಡಿದೆ. ಕಟ್ಟಿಗೆಯಲ್ಲಿ ಒಂದು ಹುಳುಕೂ ಇರಲಿಲ್ಲ. ದಾಂಡೇಲಿಯ ಕಡೆಯ ಸಾಗವಾನಿ. ಅವನ ಅಜ್ಜ ಮನೆ ಕಟ್ಟಿಸಿದ ಕಾಲದ್ದು. ಕೆಟ್ಟದ್ದೆಂದರೆ ಮೇಲಿನ ಬಿಜಾಗರಿಗಳ ತಿರುಪುಮೊಳೆಗಳು, ಎರಡು ಚಿಲಕ, ಮತ್ತು ಗಾಳಿಗೆ ಕದವನ್ನು ಹಿಡಿದಿಡುವ ಕೊಕ್ಕೆಗಳು, ಅಷ್ಟೆ.

ಮೇಲಿನ ಬಿಜಾಗರಿಯೇ ಏಕೆ ಮೊದಲು ಸಡಿಲಾಗುತ್ತದೆ ಎಂಬುದು ಎಸ್‌ಎಸ್‌ಎಲ್‌ಸಿ ದಾಟಿದ ಯಾರಿಗೂ ತಿಳಿಯಬೇಕಾದ ವಿಷಯ. ಕದದ ಅಗಲ 40 ಸೆಂಟಿಮೀಟರ್, ತೂಕ 8 ಕಿಲೋ, ಎರಡು ಬಿಜಾಗರಿಗಳ ನಡುವಿನ ಅಂತರ 80 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತೂಕವು ಕದದ ನಡುವೆ, ಅಂದರೆ ಬಿಜಾಗರಿಯಿಂದ 20 ಸೆಂಟಿಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. 8ನ್ನು 20ರಿಂದ ಗುಣಿಸಿ 80ರಿಂದ ಭಾಗಿಸಿದರೆ 2. ಎಂದರೆ ಮೇಲಿನ ಬಿಜಾಗರಿಯನ್ನು 2 ಕಿಲೋ ಭಾರ ಹಗಲಿರುಳು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಕೆಳಗಿನದನ್ನು ಅಷ್ಟೇ ಬಲ ಚೌಕಟ್ಟಿನೊಳಕ್ಕೆ ಒತ್ತುತ್ತಿರುತ್ತದೆ. ಇದರ ಮೇಲೆ, ಆಷಾಢದ ಗಾಳಿಗೆ ಕದವು ಫಟಾರನೆ ಬಡಿದುಕೊಂಡಾಗಿನ ಆಘಾತ ಬೇರೆ. ಮೂವತ್ತು ನಲವತ್ತು ವರ್ಷ ಇದನ್ನೆಲ್ಲ ತಾಳಿಕೊಂಡ ಮೂರು ತಿರುಪುಗಳು ತೂತನ್ನು ಹಿಗ್ಗಿಸಿಕೊಂಡು ಸಡಿಲಾದರೆ ಅದು ಕಿಟಕಿಯ ಅಪರಾಧವೆ? ಮೇಲುಗಡೆ ಎರಡು ಮಿಲಿಮೀಟರ್ ಜೋತರೂ ಕದದ ತುದಿ ಕೆಳಗೆ ಉಜ್ಜುತ್ತದೆ, ಚಿಲಕದ ಸಲಾಕೆ ತನ್ನ ತೂತಿಗೆ ಹೋಗದೆ ಪಕ್ಕದ ಕಟ್ಟಿಗೆಗೆ ಬಡಿಯುತ್ತದೆ. ನೋಡಿದವರು "ಚಿಲಕ ಕೆಟ್ಟಿದೆ" ಎನ್ನುತ್ತಾರೆ. ಕೆಟ್ಟದ್ದು ಮೇಲಿನ ಮೂಲೆಯಲ್ಲಿ, ದೂರು ಕೆಳಗಿನ ಮೂಲೆಯ ಮೇಲೆ!

ಪರಿಹಾರಕ್ಕೆ ಬೇಕಾದದ್ದು ಒಂದು ತಿರುಪುಳಿ, ಚೂರು ಫೆವಿಕಾಲ್, ಬಿದಿರಿನ ಸೀಳು, ಮತ್ತು ಒಂದು ಮುಂಜಾನೆ. ತಿರುಪನ್ನು ಬಿಚ್ಚಿ, ಹಿಗ್ಗಿದ ತೂತಿನೊಳಗೆ ಗೋಂದು ಸವರಿದ ಬಿದಿರಿನ ಕಡ್ಡಿಯನ್ನು ಬಿಗಿಯಾಗಿ ಹೊಡೆದು, ಮರುದಿನ ಒಣಗಿದ ಮೇಲೆ ಸಮನಾಗಿ ಕತ್ತರಿಸಿ, ಸಣ್ಣ ತೂತು ಕೊರೆದು, ಮತ್ತೆ ತಿರುಪು ಕೂರಿಸಬೇಕು. ಹಳೆಯ ತಿರುಪಿನ ತಲೆಯ ಗೀರಿನಲ್ಲಿ ನಾಲ್ಕು ಕಾಲದ ಬಣ್ಣ ತುಂಬಿಕೊಂಡಿರುತ್ತದೆ; ಅದನ್ನು ಹಳೆಯ ಬ್ಲೇಡಿನಿಂದ ಕೆತ್ತಿ ತೆಗೆಯದೆ ತಿರುಪುಳಿಯನ್ನು ಒತ್ತಿದರೆ ಗೀರೇ ಹರಿದುಹೋಗುತ್ತದೆ. ಹಿತ್ತಾಳೆಯ ಬಿಜಾಗರಿಗೆ ಹಿತ್ತಾಳೆಯ ತಿರುಪನ್ನೇ ಹಾಕಿರಿ. ಕಬ್ಬಿಣ ಹಾಕಿದರೆ, ಮಳೆಗಾಲದ ತೇವದಲ್ಲಿ ಎರಡು ಬೇರೆ ಲೋಹಗಳು ಸೇರಿ ಸಣ್ಣದೊಂದು ವಿದ್ಯುತ್ಕೋಶವಾಗಿ, ಕಬ್ಬಿಣವು ಬೇಗ ತುಕ್ಕು ಹಿಡಿಯುತ್ತದೆ. ಪ್ರಯೋಗಶಾಲೆಯಲ್ಲಿ ನಿಂಬೆಹಣ್ಣಿಗೆ ಎರಡು ಲೋಹದ ಪಟ್ಟಿ ಚುಚ್ಚಿ ನೋಡಿದ್ದು ನೆನಪಿದೆಯಷ್ಟೆ? ಅದೇ ತತ್ತ್ವ. ಕಿರುಗುಟ್ಟುವ ಬಿಜಾಗರಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ. ಧಾರವಾಡದ ಡಿಸೆಂಬರ್ ಮುಂಜಾವಿನಲ್ಲಿ ಅದು ಶೀಶೆಯಲ್ಲಿಯೇ ಹೆಪ್ಪುಗಟ್ಟುವುದು ಎಲ್ಲ ಮನೆಗಳಲ್ಲಿಯೂ ಕಂಡದ್ದೇ.

ಇನ್ನೊಂದು ಮಾತು. ಜುಲೈ ತಿಂಗಳಲ್ಲಿ ಕಿಟಕಿ ಬಿಗಿಯಿತೆಂದು ಕೂಡಲೇ ಬಡಗಿಯನ್ನು ಕರೆಸಿ ಕದದ ಅಂಚನ್ನು ಹೆರೆಸುವವರಿದ್ದಾರೆ. ಕಟ್ಟಿಗೆಯು ತೇವ ಹೀರಿದಾಗ ಅಡ್ಡಗಲಕ್ಕೆ ಉಬ್ಬುತ್ತದೆ; ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. ಮಳೆ ನಿಂತು ದೀಪಾವಳಿ ಕಳೆಯುವ ಹೊತ್ತಿಗೆ ತಾನಾಗಿಯೇ ಕುಗ್ಗುತ್ತದೆ. ಆಷಾಢದಲ್ಲಿ ಹೆರೆಸಿದ ಕದದ ಸಂದಿಯಲ್ಲಿ ಮುಂದಿನ ಚೈತ್ರಕ್ಕೆ ಹಲ್ಲಿ ಓಡಾಡುತ್ತದೆ. ತಾಳ್ಮೆಯೂ ಒಂದು ಉಪಕರಣ, ಅದಕ್ಕೆ ಬಾಡಿಗೆಯಿಲ್ಲ.

ಈಗ ಅಂಗಡಿಯ ಸಂಗತಿಗೆ ಬರೋಣ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತಲಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಮೂರು ಇಂಚಿನ ಬಿಜಾಗರಿ" ಎಂದು ಕೇಳಿರಿ. ಅಂಗಡಿಯವನು ತಲೆಯೆತ್ತದೆ ಕೊಡುತ್ತಾನೆ, ಅದು ನಿಮ್ಮ ಅಜ್ಜನ ಕಿಟಕಿಗೂ ಒಪ್ಪುತ್ತದೆ. ಇದು ಆಕಸ್ಮಿಕವಲ್ಲ. 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆ, 1987ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಮಾನಕ ಬ್ಯೂರೋ, ಇಂಥ ಚಿಕ್ಕ ವಸ್ತುಗಳಿಗೂ ಅಳತೆ ಗೊತ್ತುಮಾಡಿವೆ: ಉಕ್ಕಿನ ಬಿಜಾಗರಿಗೆ ಐಎಸ್ 1341, ಹಿತ್ತಾಳೆಯಂತಹ ಲೋಹಗಳ ಬಿಜಾಗರಿಗೆ ಐಎಸ್ 205, ಟವರ್ ಬೋಲ್ಟಿಗೆ ಐಎಸ್ 204. ನಾಲ್ಕು ತಲೆಮಾರಿನ ಬಡಗಿಗಳು ಒಂದೇ ಅಳತೆಯ ಭಾಷೆ ಆಡುತ್ತಾರೆಂದರೆ ಅದೇನು ಸಣ್ಣ ಸಂಪತ್ತೆ?

ಅದೇ ಅಂಗಡಿಯಲ್ಲಿ ಹತ್ತು ವರ್ಷ ಹಳೆಯದಾದ ಸರಿಯುವ ಕಿಟಕಿಯ ಗಾಲಿಯನ್ನು ಕೇಳಿ ನೋಡಿರಿ. "ಯಾವ ಕಂಪನಿ? ಯಾವ ಸೆಕ್ಷನ್ನು? ಹಳೇ ಗಾಲಿ ತಂದೀರೇನ್ರಿ?" ತಂದು ತೋರಿಸಿದರೂ "ಈ ಮಾಲು ಈಗ ಬರಂಗಿಲ್ರಿ" ಎಂಬ ಉತ್ತರ ಅಪರೂಪವಲ್ಲ. ಒಬ್ಬೊಬ್ಬ ತಯಾರಕನದು ಒಂದೊಂದು ಅಚ್ಚು, ಒಂದೊಂದು ಗಾಲಿ, ಒಂದೊಂದು ಹಿಡಿಕೆ. ಅಗ್ಗದ ಹಿಡಿಕೆಗಳು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಮಾಡಿದಂಥವು. ಮುರಿದರೆ ಕಬ್ಬಿಣದಂತೆ ಬೆಸುಗೆ ಹಾಕಿಸಲಾಗದು. ಮರದ ಕಿಟಕಿ ಕೆಟ್ಟರೆ ಬಿಡಿಭಾಗ ಬದಲಾಗುತ್ತದೆ. ಇವುಗಳ ಬಿಡಿಭಾಗ ಕೆಟ್ಟರೆ ಕಿಟಕಿಯೇ ಬದಲಾಗುತ್ತದೆ. ನನ್ನ ಕೋಪಕ್ಕೆ ಕಾರಣ ಇದು, ಅಲ್ಯೂಮಿನಿಯಮ್ಮಿನ ಮೇಲೆ ನನಗೇನೂ ಜಾತಿದ್ವೇಷವಿಲ್ಲ.

ಸರಿಯುವ ಕಿಟಕಿ ಎರಡು ಕದದ್ದಾದರೆ ಎಷ್ಟು ತೆರೆದರೂ ಅರ್ಧವೇ ತೆರೆಯುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಧಾರವಾಡದ ಗಾಳಿಯನ್ನು ಮೆಚ್ಚಿ ಇಲ್ಲಿ ನಿವೃತ್ತಿಜೀವನ ಕಳೆಯಲು ಬರುವವರು, ಬಂದೊಡನೆ ಆ ಗಾಳಿಯ ಅರ್ಧಭಾಗಕ್ಕೆ ಅಡ್ಡಗೋಡೆ ಹಾಕಿಸಿಕೊಳ್ಳುತ್ತಾರೆ. ಇನ್ನು ಒಂದು ಕಿಲೋ ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯುವಾಗ ಕರಗಿಸುವ ಹಂತದಲ್ಲಿಯೇ ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಗುಜರಿಯ ಅಲ್ಯೂಮಿನಿಯಂ ಮತ್ತೆ ಕರಗಿಸಲು ಅದರ ಅತ್ಯಲ್ಪ ಪಾಲು ಸಾಕು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಆಗಲೇ ಗೋಡೆಯಲ್ಲಿ ನಿಂತಿರುವ ಸಾಗವಾನಿಗೆ ಹೊಸದಾಗಿ ಒಂದು ಯೂನಿಟ್ಟೂ ಬೇಡ.

ನಮ್ಮ ಸರ್ಕಾರವೂ ದುರಸ್ತಿಯ ಹಕ್ಕಿನ ಮಾತಾಡಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಅದು ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರಗಳು, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಸಾಧನಗಳು, ವಾಹನಗಳು. ಕಿಟಕಿಯ ಗಾಲಿಗೆ ಅಲ್ಲಿ ಸ್ಥಾನವಿಲ್ಲ. ಮೊಬೈಲನ್ನು ಮೂರು ವರ್ಷಕ್ಕೊಮ್ಮೆ ಬದಲಿಸುವವನೂ ಮನೆಯನ್ನು ಹಾಗೆ ಬದಲಿಸುವುದಿಲ್ಲವಲ್ಲ! ಮೊದಲು ಸೇರಬೇಕಾದದ್ದು ಮನೆಗೆ ಜಡಿಯುವ ಸಾಮಾನುಗಳೇ ಎಂದು ನನ್ನ ಅಭಿಪ್ರಾಯ.

"ರಿಪೇರಿ ಮಾಡೋರು ಯಾರ ಅದಾರ?" ಎಂಬ ಪ್ರಶ್ನೆಯನ್ನು ನಾನು ಮರೆತಿಲ್ಲ. ಉತ್ತರದ ಅರ್ಧಭಾಗ ಶಾಲೆಯಲ್ಲಿದೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂದರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. ಬಿ.ಎಡ್. ಪರೀಕ್ಷೆಗೆ ಈ ಮೂರನ್ನೂ ನಾವು ಬಾಯಿಪಾಠ ಮಾಡಿದೆವು. ವೇಳಾಪತ್ರಿಕೆಯಲ್ಲಿ ಆ ಅವಧಿ ಇತ್ತು. ವಾರ್ಷಿಕ ಪರೀಕ್ಷೆ ಸಮೀಪಿಸುತ್ತಲೇ ಅದು ಗಣಿತಕ್ಕೋ ಇಂಗ್ಲಿಷಿಗೋ ದಾನವಾಗುತ್ತಿತ್ತು, ಮತ್ತು ಯಾವ ಪಾಲಕರೂ ಅದನ್ನು ಪ್ರಶ್ನಿಸಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ 10 ದಿನಗಳನ್ನು ಸೂಚಿಸಿ, ಅವರು ಬಡಗಿ, ಕುಂಬಾರ, ಮಾಲಿಗಳ ಬಳಿ ಕಲಿಯಬೇಕೆಂದು ಬರೆದಿದೆ. ಬರೆಯುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ.

ಉತ್ತರದ ಇನ್ನರ್ಧ ನಮ್ಮ ಚೌಕಾಸಿಯಲ್ಲಿದೆ. ಹೊಸ ಕಿಟಕಿಯವನು ಹೇಳಿದ ದರಕ್ಕೆ ತುಟಿಪಿಟಕ್ಕೆನ್ನದ ಗೃಹಸ್ಥನು, ಅರ್ಧ ದಿನ ಮೊಣಕಾಲೂರಿ ಬಿಜಾಗರಿ ಕೂರಿಸಿದ ಬಡಗಿಯ ಕೂಲಿಯಲ್ಲಿ ನೂರು ರೂಪಾಯಿ ಮುರಿದುಕೊಳ್ಳುತ್ತಾನೆ. ನಮ್ಮ ಮನೆಗೆ ಬರುವ ವೃದ್ಧ ಬಡಿಗೇರರು ಒಮ್ಮೆ ಹೇಳಿದರು: "ಮಾಸ್ತರ್ರ, ಹೊಸಾದ ಮಾಡಿದ್ರ ರೊಕ್ಕಾ ಕೊಡ್ತಾರ್ರಿ, ಹಳೇದ ಉಳಿಸಿದ್ರ ಚಹಾ ಕೊಡ್ತಾರ." ಅವರ ಮಗ ಈಗ ಮಾಡ್ಯುಲರ್ ಅಡುಗೆಮನೆ ಕೂರಿಸುತ್ತಾನೆ. ಅವನನ್ನು ಯಾವ ಬಾಯಿಂದ ಬಯ್ಯಲಿ?

ಗೆದ್ದಲು ತಿಂದ ಚೌಕಟ್ಟನ್ನು ಉಳಿಸಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಉಳಿಯ ತುದಿಯಿಂದ ಚುಚ್ಚಿದಾಗ ಕಟ್ಟಿಗೆ ಹಿಟ್ಟಾಗಿ ಉದುರಿದರೆ ಕಿತ್ತು ಹಾಕಿರಿ. ಸೊಳ್ಳೆಯ ಮಾತೆತ್ತುವವರಿಗೆ ಉತ್ತರವಿದೆ: ಜಾಳಿಗೆಯ ಚೌಕಟ್ಟನ್ನು ಹಳೆಯ ಕಿಟಕಿಗೂ ಒಳಗಿನಿಂದ ಕೂರಿಸಬಹುದು, ಹೊರಕ್ಕೆ ತೆರೆಯುವ ಕದಕ್ಕೆ ಅದು ಅಡ್ಡಿಯಲ್ಲ. ಕಳ್ಳರ ಭಯವೆಂದರೆ, ನಮ್ಮ ಹಳೆಯ ಕಿಟಕಿಗಳ ಕಬ್ಬಿಣದ ಸರಳುಗಳನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿರಿ.

ಅಂದ ಹಾಗೆ, ಮೇಲೆ ಹೇಳಿದ ವಿದ್ಯಾರ್ಥಿಯು ಕೆಳ ಅಂತಸ್ತಿನ ಕಿಟಕಿಗಳನ್ನು ಕೀಳುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾನೆ. ಮೇಲಂತಸ್ತಿನವು ಆಗಲೇ ಹೋಗಿದ್ದವು. ಮನೆ ಕೆಡವುತ್ತಿರುವವರು, ಕಿಟಕಿ ಬದಲಿಸುತ್ತಿರುವವರು ನಿಮ್ಮಲ್ಲಿ ಇದ್ದರೆ ಹಿತ್ತಾಳೆಯ ಬಿಜಾಗರಿ, ಚಿಲಕ, ಕೊಕ್ಕೆಗಳನ್ನು ತೂಕಕ್ಕೆ ಮಾರದೆ ನನಗೆ ತಲುಪಿಸಿರಿ. ತಿರುಪುಗಳ ಸಮೇತ ಬಂದರೆ ಇನ್ನೂ ಉತ್ತಮ. ಬಡಿಗೇರರು ನಾಲ್ಕು ಇಂಚಿನವು ಆರು ಬೇಕೆಂದು ಮೊನ್ನೆಯೇ ಕೇಳಿದ್ದಾರೆ.