ಸ್ಕ್ರೀನ್‌ಶಾಟ್ ಸಾಕಾಗಲ್ಲ, ಮೂಲ ಮೊಬೈಲನ್ನೇ ಜೋಪಾನ ಮಾಡಿ

ಬೆದರಿಕೆ ಮೆಸೇಜ್ ಬಂದರೆ, ಹಣ ಮೋಸ ಹೋದರೆ, ಹುಡುಗರ ಗಲಾಟೆ ನಡೆದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು ಒಂದೇ: ‘ಅದನ್ನೆಲ್ಲಾ ಡಿಲೀಟ್ ಮಾಡು, ಯಾಕೆ ಬೇಕು ಉಸಾಬರಿ.’ ಮಾನ ಉಳಿಸಿಕೊಳ್ಳಲು ಹೇಳುವ ಮಾತು, ನಿಜ. ಆದರೆ ಆ ಗಳಿಗೆಯಲ್ಲಿ ಅಳಿಸಿ ಹೋಗುವುದು ನಮ್ಮ ನ್ಯಾಯವೇ. ಇನ್ನು ಸಾಕ್ಷಿಯಾಗುತ್ತದೆ ಎಂದು ಗೊತ್ತಿದ್ದೂ ಬೇಕಂತಲೇ ಅಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಲ್ಲಿ ಅದೇ ಒಂದು ಅಪರಾಧ.

ಉಳಿಸಿಕೊಂಡರಷ್ಟೇ ಸಾಲದು, ಸರಿಯಾಗಿ ಉಳಿಸಬೇಕು. ಪಕ್ಕದ ಮಲಪ್ಪುರಂನ ಏರನಾಡ್ ಚುನಾವಣೆಯ ಕೇಸು ಇದಕ್ಕೆ ಪಾಠ. 2011ರಲ್ಲಿ ಸೋತ ಪಿ.ವಿ. ಅನ್ವರ್, ಗೆದ್ದ ಪಿ.ಕೆ. ಬಶೀರ್ ವಿರುದ್ಧ ಪ್ರಚಾರದ ಭಾಷಣ, ಹಾಡುಗಳ ಸಿ.ಡಿ.ಗಳನ್ನು ಕೋರ್ಟಿಗೆ ಕೊಟ್ಟರು. ಅವು ಕಂಪ್ಯೂಟರಿಗೆ ಹಾಕಿ ತೆಗೆದ ಪ್ರತಿಗಳು, ಜೊತೆಗೆ ಕಾನೂನು ಕೇಳುವ ಪ್ರಮಾಣಪತ್ರ ಇರಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ್ನು ಸಾಕ್ಷಿಯಾಗಿ ಒಪ್ಪಲಿಲ್ಲ. ರೆಕಾರ್ಡ್ ಮಾಡಿದ ಮೂಲ ಸಾಧನವನ್ನೇ ತಂದಿದ್ದರೆ ಮಾತು ಬೇರೆಯಿತ್ತು ಎಂದೂ ಹೇಳಿತು. ದೊಡ್ಡ ವಕೀಲರಿದ್ದ ರಾಜಕಾರಣಿಗಳ ಕಥೆಯೇ ಹೀಗಾದರೆ, ನಾಲ್ಕು ಗ್ರೂಪು ಸುತ್ತಿ ಬಂದ ನಮ್ಮ ಸ್ಕ್ರೀನ್‌ಶಾಟಿನ ಗತಿಯೇನು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಈ ಪ್ರಮಾಣಪತ್ರವನ್ನು ಎರಡು ಭಾಗ ಮಾಡಿದೆ. ಒಂದಕ್ಕೆ ಸಾಧನ ಯಾರ ಕೈಯಲ್ಲಿದೆಯೋ ಅವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಅದರಲ್ಲಿ ‘ಹ್ಯಾಶ್’ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಂತೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ.

ಮದ್ರಸದಲ್ಲಿ ಕಲಿತವರಿಗೆ ಇದು ಹೊಸದೇನಲ್ಲ. ಹದೀಸನ್ನು ಯಾರು ಯಾರಿಂದ ಕೇಳಿದರು ಎಂಬ ಸನದ್ ನೋಡದೆ ಒಪ್ಪುವುದಿಲ್ಲ. ಕೊಂಡಿ ಒಂದು ತಪ್ಪಿದರೆ ಮಾತು ಎಷ್ಟು ಚೆಂದ ಇದ್ದರೂ ಬಲಹೀನ. ಕೋರ್ಟು ಕೇಳುವುದೂ ಅದನ್ನೇ: ಈ ವಿಡಿಯೊ ಯಾವ ಮೊಬೈಲಿನದು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ನಡುವೆ ಯಾರಾದರೂ ಮುಟ್ಟಿದರಾ?

ಈ ಶಿಸ್ತು ಪೊಲೀಸರಿಗೂ ಬೇಕು. ಬೆಂಗಳೂರಿನ ಒಂದು ಮಾದಕವಸ್ತು ಪ್ರಕರಣದಲ್ಲಿ 2021ರ ಮಾರ್ಚ್ 12ರಂದು ಕರ್ನಾಟಕ ಹೈಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಶೋಧಕ್ಕೆ ಹೋಗುವಾಗ ಅರ್ಹ ಫೊರೆನ್ಸಿಕ್ ಪರೀಕ್ಷಕರು ಜೊತೆಗಿರಬೇಕು. ತನಿಖಾಧಿಕಾರಿ ತಾನೇ ಸಾಧನ ತೆರೆದು ಹುಡುಕಬಾರದು. ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. ಒಳಗಿನ ಖಾಸಗಿ ವಿಷಯ ಹೊರಗೆ ಹೋಗಬಾರದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಆದ್ದರಿಂದ ನಿಮ್ಮ ಮಗನ ಮೊಬೈಲ್ ತೆಗೆದುಕೊಂಡು ಹೋದರೆ ಜಗಳ ಮಾಡಬೇಡಿ, ಜಪ್ತಿ ಪಟ್ಟಿಯ ಪ್ರತಿ ಕೇಳಿ. ನಮ್ಮ ಹೆಣ್ಣುಮಕ್ಕಳ ಫೋಟೊ ಅದರಲ್ಲಿದೆ ಎಂಬ ಆತಂಕಕ್ಕೆ ಕಾನೂನಿನ ಉತ್ತರ ಇದೆ ಎಂಬುದನ್ನು ತಿಳಿದಿರಿ.

ಸಾಕ್ಷಿ ಬೇಕಿರುವುದು ದೂರು ಕೊಟ್ಟವರಿಗೆ ಮಾತ್ರ ಅಲ್ಲ, ಸುಮ್ಮನೆ ಸಿಕ್ಕಿಬಿದ್ದವರಿಗೂ ಹೌದು. ಟವರ್ ಲೊಕೇಶನ್ ತೋರಿಸುವುದು ಸುಮಾರು ಪ್ರದೇಶವನ್ನಷ್ಟೇ, ನಿಂತ ಜಾಗವನ್ನಲ್ಲ. ಎಚ್.ಡಿ. ಕೋಟೆಯ ಹಳ್ಳಿಗಳಂಥ ಕಡೆ ಒಂದೇ ಟವರ್ ದೂರದವರೆಗೂ ಹರಡಿರುತ್ತದೆ. ಆ ಹೊತ್ತಿಗೆ ಹುಡುಗ ಹುಣಸೂರಿನ ಅಂಗಡಿಯಲ್ಲೇ ಇದ್ದ ಎಂದು ತೋರಿಸಬಲ್ಲದ್ದು ಅಂಗಡಿಯ ಸಿಸಿಟಿವಿ. ಆದರೆ ಡಿಸ್ಕ್ ತುಂಬಿದ ಕೂಡಲೇ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ವಾರ ಬಿಟ್ಟು ಹೋಗಿ ಕೇಳಿದರೆ ಏನೂ ಉಳಿದಿರುವುದಿಲ್ಲ.

ಹಾಗಾಗಿ ಇಷ್ಟು ನೆನಪಿಡಿ. ಮೆಸೇಜ್ ಬಂದ ಮೊಬೈಲನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಮಾಯವಾಗುವ ಸೆಟ್ಟಿಂಗ್ ಇದ್ದರೆ ಕೂಡಲೇ ನೋಡಿಕೊಳ್ಳಿ. ಸಿಸಿಟಿವಿ ದೃಶ್ಯ ಬೇಕೆಂದು ಅದೇ ದಿನ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಹೋದರೆ ನಾಳೆ ನೋಡೋಣ ಅನ್ನದೆ ತಕ್ಷಣ 1930ಕ್ಕೆ ಕರೆ ಮಾಡಿ. ಗಲ್ಫಿನಲ್ಲಿರುವ ಮಗನಿಗೋ ಅಳಿಯನಿಗೋ ಫಾರ್ವರ್ಡ್ ಮಾಡಿ ಸಲಹೆ ಕೇಳುವುದು ಆಮೇಲಿರಲಿ.

ಸರಕಾರಕ್ಕೂ ಒಂದು ಮಾತು. ತಜ್ಞರ ಸಹಿ ಬೇಕು ಎಂದು ಕಾನೂನು ಬರೆದಾಯಿತು. ಪಿರಿಯಾಪಟ್ಟಣದ ಕೂಲಿ ಮನುಷ್ಯ, ಕೆ.ಆರ್. ನಗರದ ಒಂಟಿ ಹೆಣ್ಣುಮಗಳು ಆ ತಜ್ಞರನ್ನು ಎಲ್ಲಿಂದ ತರಬೇಕು? ಪ್ರತಿ ತಾಲೂಕಿನಲ್ಲೂ ತರಬೇತಾದ ಒಬ್ಬ ಸಿಬ್ಬಂದಿ, ಹ್ಯಾಶ್ ತೆಗೆಯುವ ವ್ಯವಸ್ಥೆ ಇರಲೇಬೇಕು. ಇಲ್ಲದಿದ್ದರೆ ಹೊಸ ಕಾನೂನು ಹಣವಿದ್ದವರ ಕಾನೂನಾಗುತ್ತದೆ. ಅಲ್ಲಿಯವರೆಗೆ ತಾಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಿ. ಹೆಣ್ಣುಮಕ್ಕಳಿಗೆ, ಬಡವರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.

ಜಮಾಅತ್ ಕಮಿಟಿಗಳು ಮಸೀದಿ, ಮದ್ರಸಗಳ ಕ್ಯಾಮೆರಾ ಎಷ್ಟು ದಿನದ ದೃಶ್ಯ ಉಳಿಸುತ್ತದೆ, ಬೀಗ ಯಾರ ಹತ್ತಿರ ಇದೆ ಎಂದು ಈ ವಾರವೇ ನೋಡಲಿ. ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನು ಕರೆಸಿ ಯುವಕರಿಗೂ ಉಮ್ಮಂದಿರಿಗೂ ಒಂದು ಗಂಟೆ ತಿಳಿಹೇಳಿಸಲಿ. ಕಷ್ಟ ಬಂದಾಗ ಓಡಾಡುವುದಕ್ಕಿಂತ ಅದು ಸುಲಭ.