ಕೆಟ್ಟು ನಿಂತ ಗಾಡಿಯ ನೆರಳು

ದಕ್ಷಿಣ ಆಸ್ಟ್ರೇಲಿಯಾದ ಮರೀ ಎಂಬ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ಗೆ ಹೋಗುವ ಮಣ್ಣುದಾರಿಯ ಉದ್ದ ಸುಮಾರು 520 ಕಿಲೋಮೀಟರ್. ನಡುವೆ ಪೆಟ್ರೋಲ್ ಸಿಗುವುದು ಮಂಗೆರಾನಿ ಎಂಬ ಒಂದೇ ಕಡೆ. ಇಂಥ ದಾರಿಯಲ್ಲಿ ಗಾಡಿ ಕೈಕೊಟ್ಟರೆ ಏನು ಮಾಡಬೇಕೆಂದು ಕೇಳಿದರೆ ಅಲ್ಲಿನವರು ಮೊದಲು ಹೇಳುವ ಮಾತು: ಗಾಡಿ ಬಿಟ್ಟು ಹೋಗಬೇಡಿ. ಸ್ವಲ್ಪ ದೂರ ನಡೆದರೆ ಪಂಕ್ಚರ್ ಅಂಗಡಿಯೋ ಟೀ ಅಂಗಡಿಯೋ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಲ್ಲಿ ಬೆಳೆದ ನಮಗೆ, ಮೆಲ್ಬರ್ನ್ ಅಡಿಲೇಡ್‌ಗಳಲ್ಲಿ ನೆಲೆಸಿ ರಜೆಯಲ್ಲಿ ಒಳನಾಡು ನೋಡಲು ಹೊರಡುವ ಕನ್ನಡಿಗರಿಗೂ, ಇದು ಕೈಕಟ್ಟಿ ಕೂರಲು ಹೇಳಿದಂತೆ ಕೇಳಬಹುದು. ಆದರೆ ಮರುಭೂಮಿಯಲ್ಲಿ ಕಾಯುವುದೂ ಒಂದು ಕೆಲಸ, ಅದರ ಬಹುಪಾಲನ್ನು ಮನೆಯಿಂದ ಹೊರಡುವ ಮೊದಲೇ ಮಾಡಿ ಮುಗಿಸಿರಬೇಕು ಎಂಬುದು ನನ್ನ ವಾದ.

1963ರ ಡಿಸೆಂಬರ್‌ನಲ್ಲಿ ಇದೇ ದಾರಿಯಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಕುಟುಂಬವೊಂದರ ಪೆಟ್ರೋಲ್ ಮುಗಿಯಿತು. ಕಾರಿನಲ್ಲಿ ಚೀಟಿ ಬರೆದಿಟ್ಟು ಐವರೂ ಹೊರಟುಹೋದರು, ಐವರೂ ಸತ್ತರು. 1998ರ ಡಿಸೆಂಬರ್‌ನಲ್ಲಿ ಐರ್ ಸರೋವರದ ಬಳಿ ಆಸ್ಟ್ರಿಯಾದ ಇಬ್ಬರು ಪ್ರವಾಸಿಗರ ಗಾಡಿ ಮರಳಿನಲ್ಲಿ ಹೂತಿತು. ಸಹಾಯ ತರಲೆಂದು ನಡೆದು ಹೋದ ಹೆಣ್ಣುಮಗಳು ದಾರಿಯಲ್ಲೇ ಪ್ರಾಣಬಿಟ್ಟರು, ಗಾಡಿಯ ಹತ್ತಿರಕ್ಕೆ ಮರಳಿದ ಜೊತೆಗಾರ ಬದುಕಿದರು. ಇದರ ಲೆಕ್ಕ ಕಠೋರ, ಆದರೆ ಸರಳ. ಬೇಸಿಗೆಯ ಬಿಸಿಲಿನಲ್ಲಿ ನಡೆಯುವವನ ಮೈಯಿಂದ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ಹತ್ತು ಲೀಟರ್ ನೀರು ಹೊತ್ತರೆ ಹೆಗಲ ಮೇಲೆ ಹತ್ತು ಕಿಲೋ ಭಾರ. ವಿಮಾನದಿಂದ ಹುಡುಕುವವರ ಕಣ್ಣಿಗೆ ನಡೆಯುವ ಮನುಷ್ಯ ಒಂದು ಪೊದೆಗಿಂತ ಚಿಕ್ಕವನು. ಕಾರಾದರೆ ಗಾಜು ಹೊಳೆಯುತ್ತದೆ, ಬಣ್ಣ ಕಾಣುತ್ತದೆ, ಸ್ಟೆಪ್ನಿ ಟೈರನ್ನು ಬಯಲಲ್ಲಿಟ್ಟು ಸುಟ್ಟರೆ ಕಪ್ಪು ಹೊಗೆ ಬಹುದೂರದವರೆಗೆ ಗೊತ್ತಾಗುತ್ತದೆ. ಗಾಡಿಯ ಹತ್ತಿರ ಇರುವುದೆಂದರೆ ಒಳಗೆ ಕೂರುವುದಲ್ಲ. ಬಾಗಿಲು ಹಾಕಿದ ಕಾರು ಮಧ್ಯಾಹ್ನಕ್ಕೆ ಒಲೆಯಾಗುತ್ತದೆ. ಪಕ್ಕಕ್ಕೆ ಟಾರ್ಪಾಲು ಕಟ್ಟಿ, ಮೇಲಿನ ಕಾದ ಮಣ್ಣನ್ನು ಸರಿಸಿ, ತಣ್ಣಗಿರುವ ಮಣ್ಣಿನ ಮೇಲೆ ಮಲಗಬೇಕು. ಮಾಡಬೇಕಾದ ಕೆಲಸವನ್ನೆಲ್ಲ ಹೊತ್ತು ಇಳಿದ ಮೇಲೆ ಮಾಡಬೇಕು.

ರಿಪೇರಿ ಬಲ್ಲವನಿಗೆ ಈ ಹಂಗೇಕೆ ಎಂದು ಕೇಳಬಹುದು. ರಿಪೇರಿ ಕಲಿಯಬೇಕು, ಅನುಮಾನವೇ ಇಲ್ಲ. ಅಲೆಅಲೆಯಾಗಿ ಗಟ್ಟಿಯಾದ ಮಣ್ಣುದಾರಿ ಗಂಟೆಗಟ್ಟಲೆ ಕುಲುಕಿಸಿ ಬೋಲ್ಟು ಸಡಿಲಿಸುತ್ತದೆ, ಬ್ಯಾಟರಿಯ ಕ್ಲ್ಯಾಂಪು ಮುರಿಯುತ್ತದೆ; ಚೂಪುಗಲ್ಲು ಟೈರನ್ನು ಬದಿಯಲ್ಲೇ ಸೀಳುತ್ತದೆ. ಮರಳಿನಲ್ಲಿ ಸಿಕ್ಕಿದ ಎಷ್ಟೋ ಗಾಡಿಗಳು ಚಕ್ರದ ಗಾಳಿ ಇಳಿಸಿದರೆ ಸಾಕು, ಎದ್ದು ಬರುತ್ತವೆ. ನೆಲ ಮುಟ್ಟುವ ಟೈರಿನ ಭಾಗ ಉದ್ದವಾಗಿ ಭಾರ ಹರಡಿಕೊಳ್ಳುತ್ತದೆ. 1936ರಿಂದ ದಶಕಗಳ ಕಾಲ ಈ ದಾರಿಯಲ್ಲಿ ಟಪಾಲು ಲಾರಿ ಓಡಿಸಿದ ಟಾಮ್ ಕ್ರೂಸ್ ಕೈಗೆ ಸಿಕ್ಕಿದ್ದರಲ್ಲೇ ಲಾರಿ ಸರಿಮಾಡಿಕೊಳ್ಳುವುದಕ್ಕೆ ಹೆಸರಾಗಿದ್ದರು. ಆ ಜಾಣ್ಮೆಯನ್ನು ಹೊಗಳುವಾಗ ನಾವು ಮರೆಯುವುದೊಂದಿದೆ: ದಾರಿಯುದ್ದಕ್ಕೂ ದನಗಾವಲಿನ ಮನೆಗಳವರು ಅವರ ಲಾರಿಗಾಗಿ ಎದುರುನೋಡುತ್ತಿದ್ದರು. ಲಾರಿ ಬಾರದಿದ್ದರೆ ಅದು ಅವರಿಗೆ ತಿಳಿಯುತ್ತಿತ್ತು. ಇಂದಿನ ಪ್ರವಾಸಿಗೆ ಆ ಭಾಗ್ಯವಿಲ್ಲ. ಉಪಗ್ರಹದ ಬೀಕನ್ ಆ ಕೊರತೆ ತುಂಬುತ್ತದೆಯೇ? ಬಹುಮಟ್ಟಿಗೆ ತುಂಬುತ್ತದೆ, ಗುಂಡಿ ಒತ್ತಿದರೆ ಸಂಕೇತ ಕ್ಯಾನ್‌ಬೆರಾದ ರಕ್ಷಣಾ ಕೇಂದ್ರ ಮುಟ್ಟುತ್ತದೆ, ಅದನ್ನು ಒಯ್ಯದೆ ಹೊರಡುವುದು ತಪ್ಪೇ. ಆದರೆ ಸಂಕೇತ ಮುಟ್ಟಿದಷ್ಟು ಬೇಗ ಮನುಷ್ಯರು ಮುಟ್ಟಲಾರರು. ಆ ಗಂಟೆಗಳನ್ನು ದಾಟಿಸುವುದು ಮತ್ತೆ ನೀರು ಮತ್ತು ನೆರಳೇ.

ಉಳಿಯುವುದು ಗಟ್ಟಿಯಾದ ಒಂದೇ ಆಕ್ಷೇಪ: ಯಾರೂ ಬಾರದ ದಾರಿಯಲ್ಲಿ, ಯಾರಿಗೂ ತಿಳಿಯದೆ ಕಾದರೆ ಸಾವೇ ಗತಿ. ನಿಜ. ಹುಡುಕುವವರಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥ. ಅದಕ್ಕೇ ಹೊರಡುವ ಮೊದಲು ಯಾವ ದಾರಿ, ಯಾವ ಗಾಡಿ, ಎಷ್ಟು ಜನ, ಯಾವ ದಿನ ತಲುಪುತ್ತೇವೆ, ಎಷ್ಟು ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಪೊಲೀಸರಿಗೆ ತಿಳಿಸಬೇಕು ಎಂಬುದನ್ನು ನಂಬಿಕಸ್ಥರಿಗೆ ಬರೆದುಕೊಡಬೇಕು. ಹೇಳಿದ ದಾರಿ ಬಿಟ್ಟು ಅಡ್ಡದಾರಿ ಹಿಡಿದರೆ ಆ ಚೀಟಿ ಸುಳ್ಳಾಗುತ್ತದೆ. ತಲುಪಿದ ಮೇಲೆ ಫೋನು ಮಾಡಿ ಹೇಳುವುದನ್ನೂ ಮರೆಯುವಂತಿಲ್ಲ. ಮರೆತರೆ ಹೋಟೆಲಿನಲ್ಲಿ ಸುಖವಾಗಿ ಮಲಗಿದವರನ್ನು ಹುಡುಕುತ್ತ ವಿಮಾನ ಹಾರುತ್ತಿರುತ್ತದೆ, ಅದೇ ಹೊತ್ತಿಗೆ ಇನ್ನೊಂದು ದಾರಿಯಲ್ಲಿ ಟಾರ್ಪಾಲಿನ ಕೆಳಗೆ ಯಾರೋ ಅದರ ಸದ್ದಿಗೆ ಕಿವಿಗೊಟ್ಟು ಕೂತಿರಬಹುದು.